ಕಪ್ಪು ಟ್ಯೂಬ್ ಮುಟ್ಟದೆ ಬಣ್ಣ ಕಲಸುವುದು ಹೇಗೆ?

ಕಬ್ಬನ್ ಪಾರ್ಕ್‌ನಲ್ಲಿ ಭಾನುವಾರ ಚಿತ್ರ ಬರೆಯಲು ಕೂತವರ ಪ್ಯಾಲೆಟ್ ಕಡೆ ಒಮ್ಮೆ ಕಣ್ಣು ಹಾಯಿಸಿ. ಕೆಂಪು ಲೈಬ್ರರಿ ಕಟ್ಟಡದ ನೆರಳಿಗೆ ಬಹಳ ಜನ ಕೆಂಪಿಗೆ ಕಪ್ಪು ಬೆರೆಸಿರುತ್ತಾರೆ. ಗೋಡೆಗೆ ನೆರಳು ಬೀಳುವ ಬದಲು ಮಸಿ ಹಿಡಿದಿರುತ್ತದೆ. ಸರಿಮಾಡೋಣ ಅಂತ ಬಿಳಿ ಹಾಕಿದರೆ ಇನ್ನೂ ಕೆಡುತ್ತದೆ.

ಮೊದಲು ಬಣ್ಣದ ಚಕ್ರ. ಅಂಗಡಿಯ ರೆಡಿಮೇಡ್ ಚಕ್ರ ಬೇಡ. ಅದರಲ್ಲಿರುವುದು ಪ್ರಿಂಟಿಂಗ್ ಇಂಕು, ನಿಮ್ಮ ಟ್ಯೂಬಿನ ಬಣ್ಣವಲ್ಲ. ಲೆಮನ್ ಯೆಲ್ಲೋ, ಕ್ರಿಮ್ಸನ್ (ನೀಲಿ ಕಡೆ ವಾಲುವ ಕೆಂಪು), ಅಲ್ಟ್ರಾಮರೀನ್ ಬ್ಲೂ ಮೂರನ್ನೂ ಸಮದೂರದಲ್ಲಿಟ್ಟು, ನಡುವಿನ ಮನೆಗಳಿಗೆ ಅಕ್ಕಪಕ್ಕದವನ್ನು ಬೆರೆಸುತ್ತಾ 12 ಮನೆಯ ಚಕ್ರ ನೀವೇ ತುಂಬಿ. ಎದುರುಬದುರು ಬರುವವೇ ಜೋಡಿಗಳು, ಒಂದು ಇನ್ನೊಂದರ ಹೊಳಪು ತಗ್ಗಿಸುತ್ತದೆ: ಕೆಂಪಿಗೆ ಹಸಿರು, ನೀಲಿಗೆ ಕಿತ್ತಳೆ, ಹಳದಿಗೆ ನೇರಳೆ.

ನೇರಳೆ ಮಾಡಲು ಹೋದರೆ ಕಂದು ಬರ್ತಿದೆಯಾ? ನೀವು ಕ್ರಿಮ್ಸನ್ ಬಿಟ್ಟು ವರ್ಮಿಲಿಯನ್ ಹಾಕಿದ್ದೀರಿ. ಅದು ಹಳದಿ ಕಡೆ ವಾಲುವ ಕೆಂಪು. ಹಳದಿ ನೇರಳೆಯ ಎದುರಾಳಿ, ಹೊಳಪು ತಿಂದುಬಿಡುತ್ತದೆ.

ಇನ್ನು ಎಲ್ಲರೂ ಎಡವುವ ಜಾಗ: ಬಣ್ಣದ ಹೊಳಪು ತಗ್ಗಿಸುವುದು. ಪ್ಯಾಲೆಟ್ ಮೇಲೆ ಕ್ರಿಮ್ಸನ್ ಹಾಕಿ, ದೂರದಲ್ಲಿ ವಿರಿಡಿಯನ್ ಗ್ರೀನ್ (ನೀಲಿ ಕಡೆ ವಾಲುವ ಹಸಿರು) ಇಡಿ. ಹಸಿರನ್ನು ಕೆಂಪಿನ ಮೇಲೆ ಹಿಂಡಬೇಡಿ. ಬ್ರಷ್ ತುದಿಯಲ್ಲಿ ಅಕ್ಕಿಕಾಳಿನಷ್ಟು ತೆಗೆದು, ಕೆಂಪಿನ ಒಂದು ಅಂಚಿಗೆ ಮಾತ್ರ ಬೆರೆಸಿ. ಮೊದಲ ಸಲಕ್ಕೆ ಕೆಂಪಿನ ಮಿರುಗು ಇಳಿಯುತ್ತದೆ. ಇನ್ನೊಂದು ಚೂರಿಗೆ ಮಬ್ಬು ಕೆಂಪು, ಆಮೇಲೆ ಕಂದು. ಹಾಕುತ್ತಲೇ ಹೋದರೆ ಹೆಚ್ಚುಕಡಿಮೆ ಕಪ್ಪೇ. ಸಾರಿಗೆ ಉಪ್ಪಿನ ಹಾಗೆ, ಜಾಸ್ತಿಯಾದರೆ ವಾಪಸ್ ತೆಗೆಯಲು ಆಗಲ್ಲ. ಗಾಢವಾದಾಗ ಬಣ್ಣ ಯಾವ ಕಡೆ ವಾಲಿದೆ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದು ಚಿಟಿಕೆಯಷ್ಟನ್ನು ಪಕ್ಕಕ್ಕೆಳೆದು ಬಿಳಿ ಬೆರೆಸಿ ನೋಡಿ. ಗುಲಾಬಿ ಕಂಡರೆ ಕೆಂಪು ಜಾಸ್ತಿ, ಹಸಿರು ಛಾಯೆ ಇದ್ದರೆ ಹಸಿರು ಜಾಸ್ತಿ. ಸ್ಯಾಪ್ ಗ್ರೀನ್ ಬಳಸಿದರೆ ಅದರಲ್ಲಿರುವ ಹಳದಿಯಿಂದ ಬೇಗ ಕಂದಾಗುತ್ತದೆ. ನೆರಳಿಗೆ ವಿರಿಡಿಯನ್ನೇ ಸರಿ.

ಹಳದಿಗೆ ಇನ್ನೂ ಹುಷಾರಾಗಿರಬೇಕು. ಬೇಸಿಗೆ ಶುರುವಿಗೆ ನಮ್ಮ ರಸ್ತೆಗಳಲ್ಲಿ ಅರಳುವ ಹಳದಿ ಟಬೆಬುಯಾ ಹೂವಿನ ನೆರಳಿಗೆ ಕಪ್ಪು ಹಾಕಿದಿರೋ, ಪಾಚಿ ಹಸಿರು ಗ್ಯಾರಂಟಿ. ನೇರಳೆಯ ಒಂದು ಸೋಂಕು ಸಾಕು.

ಕಲಸಿದ್ದನ್ನು ಪ್ಯಾಲೆಟ್ ಮೇಲೇ ನೋಡಿ ತೀರ್ಮಾನಿಸಬೇಡಿ. ಅಕ್ಕಪಕ್ಕದ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಪ್ಯಾರಿಸ್ಸಿನ ಗೋಬಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತದೆ ಅಂತ ದೂರು ಬಂದಾಗ, ರಸಾಯನ ವಿಜ್ಞಾನಿ ಷೆವ್ರಲ್ ಕಂಡುಕೊಂಡದ್ದು ಇದನ್ನೇ: ತಪ್ಪು ಬಣ್ಣದ್ದಲ್ಲ, ಪಕ್ಕದ ನೂಲಿನದು. 1839ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಹಾಗಾಗಿ ಒಂದು ಪೇಪರ್ ತುಂಡಿಗೆ ಬಣ್ಣ ಹಚ್ಚಿ, ಚಿತ್ರದ ಪಕ್ಕ ಹಿಡಿದು ನೋಡಿ. ಅದೂ ಒಣಗಿದ ಮೇಲೆ. ಅಕ್ರಿಲಿಕ್ ಒಣಗಿದಾಗ ಗಾಢವಾಗುತ್ತದೆ, ವಾಟರ್‌ಕಲರ್ ತಿಳಿಯಾಗುತ್ತದೆ.

ಬೂದು ಬಣ್ಣದ ಟ್ಯೂಬಿಗೆ ಸುಮ್ನೆ ದುಡ್ಡು ಸುರಿಯಬೇಡಿ. ಬರ್ಂಟ್ ಸಿಯೆನ್ನಾ ಅಂದರೆ ಮಂದ ಕಿತ್ತಳೆ ಅಷ್ಟೇ. ಅದಕ್ಕೆ ಅಲ್ಟ್ರಾಮರೀನ್ ಸೇರಿಸಿ ನೀರು ಹೆಚ್ಚಿಸಿದರೆ ಜುಲೈ ತಿಂಗಳ ಬೆಂಗಳೂರಿನ ಮೋಡ ಸಿಗುತ್ತದೆ. ಆಕಾಶ ಪೂರ್ತಿ ಮುಗಿಯುವಷ್ಟು ಒಂದೇ ಸಲಕ್ಕೆ ಕಲಸಿಕೊಳ್ಳಿ. ಅರ್ಧಕ್ಕೆ ಖಾಲಿಯಾದರೆ ಅದೇ ಬೂದು ಮತ್ತೆ ಬರಲ್ಲ.