ಫೋರ್ ಬೈ ಫೋರ್ ಗಾಡೀಲಿ ಕೊಯ್ಯ್ ಅಂತ ಸದ್ದಾ? ಬಿಚ್ಚೋಕೆ ಮುಂಚೆ ಆಕ್ಸಿಲರೇಟರ್ ಬಿಟ್ಟು ನೋಡಿ
ಗಾಡಿ ಅಡೀಲಿ ಕೊಯ್ಯ್ ಅಂತ ಸದ್ದು ಬರ್ತಿದ್ರೆ ಖಾಲಿ ಇರೋ ನೇರ ರೋಡಲ್ಲಿ ಆ ಸದ್ದು ಬರೋ ಸ್ಪೀಡಿಗೆ ಹೋಗಿ ಆಕ್ಸಿಲರೇಟರ್ ಪೂರ್ತಿ ಬಿಡಿ, ಆಮೇಲೆ ಮತ್ತೆ ಒತ್ತಿ. ಒತ್ತಿದಾಗ ಒಂಥರಾ ಬಿಟ್ಟಾಗ ಇನ್ನೊಂಥರಾ ಕೇಳಿದ್ರೆ ಮೊದಲ ಅನುಮಾನ ಡಿಫರೆನ್ಷಿಯಲ್ (ಆಕ್ಸಲ್ ಮೇಲಿರೋ ಗುಂಡು ಗೇರ್ ಡಬ್ಬಿ) ಒಳಗಿನ ಕ್ರೌನ್ ಪಿನಿಯನ್ ಅನ್ನೋ ಜೋಡಿ ಗೇರ್ ಮೇಲೆ, ಯಾಕಂದ್ರೆ ಎಂಜಿನ್ ಎಳೆಯುವಾಗ ಹಲ್ಲಿನ ಒಂದು ಮುಖ ತಾಗುತ್ತೆ, ಬಿಟ್ಟಾಗ ಅದರ ಹಿಂದಿನ ಮುಖ, ಎರಡೂ ಒಂದೇ ಥರ ಸವೆದಿರಲ್ಲ. ಏನೂ ಬದಲಾಗ್ದೆ ಬರೀ ಸ್ಪೀಡ್ ಜೊತೆ ಏರಿಳಿದ್ರೆ ವೀಲ್ ಬೇರಿಂಗ್ ಇಲ್ಲಾ ಟೈರ್; ನಿಧಾನಕ್ಕೆ ಎಡಕ್ಕೆ ಬಲಕ್ಕೆ ವಾಲಿಸಿದಾಗ ಹೆಚ್ಚುಕಮ್ಮಿ ಆದ್ರೆ ಬೇರಿಂಗ್ ನೋಡಿ. ಮಡ್ ಟೈರ್ ಇದ್ರೆ ಮಾತ್ರ ಈ ಟೆಸ್ಟ್ ಕೈಕೊಡುತ್ತೆ, ಅದರ ಗುಂಯ್ ಸದ್ದಲ್ಲಿ ಎಲ್ಲಾ ಮುಚ್ಚೋಗುತ್ತೆ, ಡಾಂಬರ್ ಬಿಟ್ಟು ಮಣ್ಣಿಗೆ ಇಳಿದ ತಕ್ಷಣ ಸದ್ದು ಬದಲಾದ್ರೆ ಅದು ಟೈರಿಂದೇ. ರಿವರ್ಸಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಡುವಾಗ ಟಣ್ ಅಂತ ಒಂದೇ ಏಟು ಕೇಳಿದ್ರೆ ಅದು ಬೇರೆ, ಯೂ ಜಾಯಿಂಟ್ ಕ್ರಾಸ್ ಇರ್ಬೋದು, ಅಂದ್ರೆ ಗೇರ್‌ಬಾಕ್ಸ್ ಕಡೆಯಿಂದ ಡಿಫರೆನ್ಷಿಯಲ್‌ಗೆ ಹೋಗೋ ಉದ್ದ ಪ್ರೊಪೆಲ್ಲರ್ ಶಾಫ್ಟ್ ತುದೀಲಿರೋ ಪ್ಲಸ್ ಆಕಾರದ ಕೀಲು: ಸಮತಟ್ಟಾದ ಜಾಗದಲ್ಲಿ ನಿಲ್ಸಿ, ಎಂಜಿನ್ ಆಫ್ ಮಾಡಿ, ನಾಲ್ಕೂ ಚಕ್ರಕ್ಕೆ ಗಟ್ಟಿಯಾಗಿ ಕಲ್ಲು ಕೊಟ್ಟು (ಇದನ್ನ ದಯವಿಟ್ಟು ಬಿಡ್ಬೇಡಿ), ನ್ಯೂಟ್ರಲ್ ಮಾಡಿ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟ್ ಚೂರು ತಿರುಗೋದು ಗೇರ್ ಹಲ್ಲಿನ ಸಂದು, ಅದು ಇರ್ಲೇಬೇಕು, ಆದ್ರೆ ಕ್ರಾಸ್ ಹತ್ರ ಆಟ ಇರಬಾರದು, ಕ್ರಾಸಿನ ತುದಿ ಮುಚ್ಚೋ ಕಪ್ ಬಾಯಲ್ಲಿ ಒಣಗಿದ ಕೆಂಪು ತುಕ್ಕಿನ ಪುಡಿ ಕಂಡ್ರಂತೂ ಗ್ರೀಸ್ ಮುಗ್ದು ಒಳಗಿನ ನೀಡಲ್ ಬೇರಿಂಗ್ (ಸೂಜಿಯಂಥ ಸಣ್ಣ ರೋಲರ್‌ಗಳು) ಸವೆದಿದೆ ಅಂತಾನೇ ಅನ್ಕೊಳ್ಳಿ.