ದಾವಣಗೆರೆ ಬಿಸಿಲು, ಆಸ್ಪತ್ರೆ ನೀರು

ದಾವಣಗೆರೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ನೀರು, ಕರೆಂಟು, ಪೈಪು ನೋಡಿಕೊಳ್ಳುವುದು ನನ್ನ ಕೆಲಸ. ನೀರಿನ ಟ್ಯಾಂಕು, ಪೈಪುಗಳಲ್ಲಿ ಬೆಳೆದು ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಗೆ ಪುಸ್ತಕದ ಮದ್ದು ಸುಲಭ: ತಣ್ಣೀರು 20 ಡಿಗ್ರಿಗಿಂತ ಕೆಳಗೆ, ಬಿಸಿನೀರಿನ ಟ್ಯಾಂಕು 60ರಲ್ಲಿ. ಏಪ್ರಿಲ್‌ನಲ್ಲಿ ನಮ್ಮ ಟೆರೇಸಿನ ಕಪ್ಪು ಟ್ಯಾಂಕಿಗೆ ಒಮ್ಮೆ ಕೈ ಹಾಕಿ ನೋಡಿ. 20 ಡಿಗ್ರಿ ಎಲ್ಲಿಂದ ತರೋಣ? ಈ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದೇ 25ರಿಂದ 45ರ ನಡುವೆ. ಹಾಗಾಗಿ ತಣ್ಣೀರನ್ನು ತಂಪಾಗಿಡುವ ಆಸೆ ಬಿಟ್ಟು, ಎರಡೇ ಹಟ ಹಿಡಿದೆ. ನೀರು ಎಲ್ಲೂ ನಿಲ್ಲಬಾರದು. ಕ್ಲೋರಿನ್ ಕೊನೆಯ ನಲ್ಲಿಗೂ ಮುಟ್ಟಬೇಕು.

ಪೈಪುಗಳ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಪ್ಲಂಬರ್ ಜೊತೆ ಗೋಡೆ ಗೋಡೆ ಹುಡುಕಿದೆವು. ಹಳೇ ವಾರ್ಡು ಆಫೀಸ್ ಆದಾಗ ಸಿಂಕ್ ಕಿತ್ತು, ಪೈಪಿಗೆ ಕ್ಯಾಪ್ ಹಾಕಿ ಬಿಟ್ಟಿದ್ದರು. ಅದನ್ನು ಕತ್ತರಿಸಿ ಒಳಗೆ ಬೆರಳಾಡಿಸಿದರೆ ಕಂದು ಬಣ್ಣದ ಲೋಳೆ. ಬ್ಯಾಕ್ಟೀರಿಯಾದ ಮನೆಯೇ ಅದು. ಕ್ಲೋರಿನ್ ಆ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಇಂಥ ಪೈಪನ್ನು ಗೋಡೆ ಹತ್ತಿರ ಅಲ್ಲ, ಮೇನ್ ಲೈನಿನಿಂದ ಅದು ಕವಲೊಡೆಯುವ ‘ಟೀ’ ಜೋಡಣೆಯ ಬುಡದಲ್ಲೇ ಕತ್ತರಿಸಬೇಕು.

ಕ್ಲೋರಿನ್ನನ್ನು ಸಂಪಿನಲ್ಲಿ ನೋಡಿ ಸಮಾಧಾನ ಪಡುವವರೇ ಜಾಸ್ತಿ. ನಾನು ನೋಡುವುದು ಮೇಲಿನ ಮಹಡಿಯ ತುದಿಯ ನಲ್ಲಿಯಲ್ಲಿ, ಬೆಳಿಗ್ಗೆ ಯಾರೂ ಬಳಸುವ ಮೊದಲು. ಕ್ಲೋರಿನ್ ಅಳೆಯುವ ಡಿಪಿಡಿ ಮಾತ್ರೆ ಹಾಕಿದಾಗ ನೀರು ಗುಲಾಬಿ ಆಗಬೇಕು, ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ನನ್ನ ಗುರಿ. ಬೇಸಿಗೆಯಲ್ಲಿ ಭದ್ರಾ ನಾಲೆ ನಿಂತು ಟ್ಯಾಂಕರ್, ಬೋರ್ ನೀರು ಶುರುವಾದರೆ ಹಳೇ ಲೆಕ್ಕ ನಡೆಯುವುದಿಲ್ಲ. ಡೋಸ್ ಹೊಸದಾಗಿ ಕಟ್ಟಬೇಕು. ಬೋರ್ ನೀರಿನ ಉಪ್ಪು ಶವರ್ ತೂತುಗಳಲ್ಲಿ ಕಟ್ಟಿ, ಲೋಳೆಗೆ ಜಾಗ ಕೊಡುತ್ತದೆ. ಅದಕ್ಕೆ ಶವರ್ ಬಿಚ್ಚಿ ನಿಂಬೆಉಪ್ಪಿನ ನೀರಲ್ಲಿ ನೆನೆಸುತ್ತೇವೆ.

ಸೋಲಾರ್ ಇನ್ನೊಂದು ತಲೆನೋವು. ಮೋಡದ ದಿನ ಟ್ಯಾಂಕು 40ರ ಆಸುಪಾಸಿಗೆ ಇಳಿದರೆ ಬ್ಯಾಕ್ಟೀರಿಯಾಗೆ ಹಬ್ಬ. ಬ್ಯಾಕಪ್ ಹೀಟರನ್ನು 60ಕ್ಕೆ ಇಟ್ಟೆ. ಮರುದಿನವೇ ಸಿಸ್ಟರ್ ಬಂದರು: “ಅಣ್ಣಾರೆ, ನೀರು ಕಾಯಿಸ್ತೀರೋ, ಕುದಿಸ್ತೀರೋ?” ಅವರ ಮಾತು ನ್ಯಾಯವೇ, ವಯಸ್ಸಾದವರ ಚರ್ಮ ಸುಟ್ಟೀತು. ಸ್ನಾನದ ಮನೆಗಳ ಪಕ್ಕದಲ್ಲೇ ಬಿಸಿ-ತಣ್ಣೀರು ಬೆರೆಸುವ ವಾಲ್ವ್ ಕೂರಿಸಿದೆವು.

“ಇಲ್ಲಿವರೆಗೆ ಯಾರಿಗೂ ಈ ರೋಗ ಬಂದಿಲ್ಲವಲ್ಲ” ಎಂದು ಆಡಳಿತದವರು ಕೇಳಿದ್ದರು. ಇದು ಬರುವುದೇ ನ್ಯುಮೋನಿಯಾ ರೂಪದಲ್ಲಿ. ಮೂತ್ರದ ಆಂಟಿಜೆನ್ ಪರೀಕ್ಷೆಯನ್ನೋ, ಕಫದ ವಿಶೇಷ ಕಲ್ಚರನ್ನೋ ಮಾಡಿಸದಿದ್ದರೆ ಹೆಸರು ಗೊತ್ತಾಗುವುದು ಹೇಗೆ ಹೇಳಿ?

ರೋಗ ಹತ್ತುವುದು ಹೆಚ್ಚಾಗಿ ಉಸಿರಲ್ಲಿ ಹೋಗುವ ಸಣ್ಣ ಹನಿಗಳಿಂದ. ಅದಕ್ಕೇ ಖಾಲಿ ರೂಮುಗಳ ನಲ್ಲಿ ಬಿಡುವ ಆಯಾಗಳಿಗೆ ಶವರನ್ನು ಬಕೆಟ್ ಒಳಗೆ ಇಳಿಸಿ, ಬಟ್ಟೆ ಮುಚ್ಚಿ ಬಿಡಲು ಹೇಳಿದ್ದೇನೆ. ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್‌ಗೆ ನಲ್ಲಿ ನೀರು ಮುಟ್ಟಿಸುವ ಹಾಗೇ ಇಲ್ಲ, ತೊಳೆಯುವುದಕ್ಕೂ ಸ್ಟೆರೈಲ್ ನೀರೇ.