ಹಳೆಯ ಮನೆಯನ್ನು ಕೆಡವುವ ಮುನ್ನ: ಹುಬ್ಬಳ್ಳಿ–ಧಾರವಾಡ, ಗದಗ ಸೀಮೆಯ ಮನೆಯವರಿಗೆ ಒಂದು ಕೈಪಿಡಿ

ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಲಿನ ಗಲ್ಲಿಗಳಲ್ಲಿ, ಧಾರವಾಡದ ಮಾಳಮಡ್ಡಿಯಲ್ಲಿ, ಗದಗ–ಬೆಟಗೇರಿಯ ಓಣಿಗಳಲ್ಲಿ ಹಳೆಯ ಮನೆ ಇರುವವರಿಗೆ ಎರಡೇ ದಾರಿಗಳು ಉಳಿದಿವೆ ಎಂಬಂತೆ ಮಾತು ನಡೆಯುತ್ತದೆ. ಒಂದು, ಕೆಡವಿ ಆರ್‌ಸಿಸಿ ಕಟ್ಟುವುದು. ಇನ್ನೊಂದು, ಬೀಗ ಜಡಿದು ತಾನಾಗಿಯೇ ಬೀಳಲಿ ಎಂದು ಕಾಯುವುದು. ಬೀದಿಗೆ ಮುಖ ಮಾಡಿದ ಕಟ್ಟೆ, ಪಡಸಾಲೆ ಮತ್ತು ಗಟ್ಟಿಯಿರುವ ಅಂಕಣಗಳನ್ನು (ಕಂಬದ ಸಾಲುಗಳ ನಡುವಿನ ಖಾನೆಗಳನ್ನು) ದುರಸ್ತಿ ಮಾಡಿ ಉಳಿಸಿಕೊಂಡು, ಅಡುಗೆಮನೆ, ಬಚ್ಚಲು ಮತ್ತು ಮೇಲಂತಸ್ತುಗಳ ಭಾರವನ್ನೆಲ್ಲ ಹಿತ್ತಲ ಜಾಗದ ಹೊಸ ಕಟ್ಟಡಕ್ಕೆ ವರ್ಗಾಯಿಸುವ ಮೂರನೆಯ ದಾರಿಯೂ ಇದೆ. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಮನೆಯೂ ಹೋಗುತ್ತದೆ. ನಮ್ಮ ಗದಗಿನ ಮನೆಯಲ್ಲಿ ಮೊದಲ ಸಲ ಆದದ್ದು ಅದೇ.

ಹಳೆಯದೆಂದ ಮಾತ್ರಕ್ಕೆ ಅಪಾಯಕಾರಿ ಎನ್ನುವ ಮಾತನ್ನು ಪರೀಕ್ಷಿಸದೆ ಒಪ್ಪಬೇಡಿ. 2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕುಸಿದು ಜೀವ ತೆಗೆದದ್ದು ಕೆಲಸ ಇನ್ನೂ ಮುಗಿಯದಿದ್ದ ಹೊಸ ಬಹುಮಹಡಿ ಕಟ್ಟಡ. ಕಟ್ಟಡವನ್ನು ಬೀಳಿಸುವುದು ಅದರ ವಯಸ್ಸಲ್ಲ. ಹೊರಲಾರದ ಭಾರ, ಒಳಗೆ ಸೇರಿದ ನೀರು ಮತ್ತು ಅದರ ಕಡೆ ಯಾರೂ ನೋಡದಿರುವುದು.

ಮೊದಲು ಕಾಗದ, ಆಮೇಲೆ ಗುದ್ದಲಿ

ಸಿಟಿ ಸರ್ವೆ ಕಚೇರಿಯಿಂದ ಉತಾರ (ಆಸ್ತಿಯ ದಾಖಲೆ) ಮತ್ತು ನಕಾಶೆ ತೆಗೆಸಿ, ಹೆಸರುಗಳು ಇಂದಿನ ವಾರಸುದಾರರಿಗೆ ಹೊಂದುತ್ತವೆಯೇ ನೋಡಿ. ತೀರಿಕೊಂಡ ಅಜ್ಜನ ಹೆಸರಿನಲ್ಲಿಯೇ ಉತಾರ ನಿಂತಿದ್ದರೆ ವಾರಸಾ ಮಾಡಿಸದೆ, ಅಂದರೆ ವಾರಸುದಾರರ ಹೆಸರು ಏರಿಸದೆ, ಯಾವ ಪರವಾನಗಿಯೂ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಹಳೆಯ ಮನೆಗಳನ್ನು ಮಳೆಗಿಂತ ಹೆಚ್ಚಾಗಿ ಹಾಳು ಮಾಡಿದ್ದು ವಾಟ್ನಿ (ಆಸ್ತಿಯ ಪಾಲು ಹಂಚಿಕೆ) ಎಂಬುದು ನನ್ನ ಅನಿಸಿಕೆ. ಆರು ಅಂಕಣದ ಮನೆಯನ್ನು ಮೂವರು ಅಣ್ಣತಮ್ಮಂದಿರು ಎರಡೆರಡು ಅಂಕಣವಾಗಿ ಹಂಚಿಕೊಂಡು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿದ ಮೇಲೆ, ಒಬ್ಬನು ತನ್ನ ಪಾಲನ್ನು ಕೆಡವಿದರೆ ಉಳಿದಿಬ್ಬರ ತೊಲೆಗಳಿಗೆ ಆಧಾರವೇ ಇರುವುದಿಲ್ಲ. ಅಂಕಣ ಹಂಚುವ ಬದಲು ಬೆಲೆ ಹಂಚಿ. ಮನೆ ಒಬ್ಬರಿಗೆ, ಹಿತ್ತಲು ಇನ್ನೊಬ್ಬರಿಗೆ, ಹಣ ಮತ್ತೊಬ್ಬರಿಗೆ ಎಂದು ವಕೀಲರ ಸಲಹೆಯಂತೆ ಬರೆದು ನೋಂದಣಿ ಮಾಡಿಸಿ.

ಮಾರುವುದೇ ಖಚಿತವಾದರೂ ಇಡೀ ಮನೆಯನ್ನು ದುರಸ್ತಿ ಮಾಡಿ ಬಳಸುವವರಿಗೆ ಮಾರಲು ಸಾಧ್ಯವೇ ಎಂದು ಮೊದಲು ಹುಡುಕಿ. ಅಮೆರಿಕದ ಸವಾನಾ ನಗರದಲ್ಲಿ 1954ರಲ್ಲಿ ವಾಹನ ನಿಲುಗಡೆಗಾಗಿ ಹಳೆಯ ಮಾರುಕಟ್ಟೆಯನ್ನು ಕೆಡವಿದಾಗ, ಸಿಟ್ಟಿಗೆದ್ದ ಏಳು ಮಹಿಳೆಯರು ಮರುವರ್ಷ ಒಂದು ಪ್ರತಿಷ್ಠಾನ ಕಟ್ಟಿದರು. ಅದು ಕೆಡವಲು ಗುರುತಾದ ಮನೆಗಳನ್ನು ತಾನೇ ಕೊಂಡು, ಜೀರ್ಣೋದ್ಧಾರ ಮಾಡುತ್ತೇವೆಂದು ಕರಾರು ಬರೆದುಕೊಡುವವರಿಗೆ ಮಾರಿ, ಬಂದ ಹಣದಿಂದ ಮುಂದಿನ ಮನೆಯನ್ನು ಕೊಳ್ಳುವ ಪದ್ಧತಿಯನ್ನು ನಡೆಸಿತು. ನಮ್ಮಲ್ಲಿ ಒಂದು ಓಣಿಯ ನಾಲ್ಕು ಮನೆಯವರು ಸೇರಿದರೂ ಇದರ ಸಣ್ಣ ರೂಪವನ್ನು ಮಾಡಬಹುದು.

ಪಕ್ಕದಲ್ಲಿ ಸಂರಕ್ಷಿತ ಸ್ಮಾರಕವಿದೆಯೇ ಎಂಬುದು ಎರಡನೆಯ ಪರಿಶೀಲನೆ. ಉಣಕಲ್ಲಿನ ಚಂದ್ರಮೌಳೇಶ್ವರ, ಲಕ್ಕುಂಡಿಯ ಗುಡಿಗಳು, ಹಾವೇರಿಯ ಸಿದ್ಧೇಶ್ವರ ಇವುಗಳ ನೆರೆಯಲ್ಲಿ ಮನೆಯಿದ್ದರೆ ಈ ಮಾತು ನಿಮಗೆ ಬಹಳ ಮುಖ್ಯ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಆದರೆ ಇರುವ ಮನೆಯ ದುರಸ್ತಿಗೆ ಅನುಮತಿ ಕೇಳಬಹುದು. ಅಲ್ಲಿ ಕೆಡವಿದವನು ಮತ್ತೆ ಕಟ್ಟಲಾರದೆ ಸಿಕ್ಕಿಕೊಳ್ಳುತ್ತಾನೆ. ಪುರಾತತ್ವ ಸರ್ವೇಕ್ಷಣೆಯ ವಲಯ ಕಚೇರಿ ಧಾರವಾಡದಲ್ಲಿಯೇ ಇರುವುದರಿಂದ ಮೊದಲು ಅಲ್ಲಿ ವಿಚಾರಿಸಿ, ಬಳಿಕ ಪಾಲಿಕೆ ಅಥವಾ ನಗರಸಭೆಗೆ ಅರ್ಜಿ ಕೊಡಿ. ಗದಗ ಸೀಮೆಯಲ್ಲಿ ಬುನಾದಿ ತೋಡುವಾಗ ಶಾಸನವೋ ಹಳೆಯ ವಸ್ತುವೋ ಸಿಗುವುದು ಅಪರೂಪವಲ್ಲ. 1878ರ ನಿಧಿ ಕಾಯ್ದೆಯಂತೆ 10 ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.

ಈ ಕಾಯ್ದೆಗಳೆಲ್ಲ ಕಾಯುವುದು ಸ್ಮಾರಕವನ್ನು, ನಿಮ್ಮ ಅಜ್ಜಿಯ ಪಡಸಾಲೆಯನ್ನಲ್ಲ. ನ್ಯೂಯಾರ್ಕಿನಲ್ಲಿ ಪೆನ್ ಸ್ಟೇಷನ್ ಎಂಬ ರೈಲು ನಿಲ್ದಾಣವನ್ನು ಕೆಡವುವ ಕೆಲಸ 1963ರಲ್ಲಿ ಆರಂಭವಾದ ಮೇಲೆ ಎದ್ದ ಆಕ್ರೋಶದಿಂದ 1965ರಲ್ಲಿ ಬಂದ ಕಾನೂನು ಖಾಸಗಿ ಕಟ್ಟಡಗಳನ್ನೂ ರಕ್ಷಣೆಯ ಪಟ್ಟಿಗೆ ಸೇರಿಸಿತು. ನಮ್ಮ ಓಣಿಯ ಸಾಮಾನ್ಯ ಮನೆಗೆ ಮಾಲೀಕನೇ ಕಾಯ್ದೆ.

ನೋಡುವುದು, ಬರೆದಿಡುವುದು

ಕೆಲಸ ಆರಂಭಿಸುವ ಮುನ್ನ ಒಂದು ಮಳೆಗಾಲವಾದರೂ ಮನೆಯನ್ನು ಗಮನಿಸಿ. ಪ್ರತಿ ಗೋಡೆಯ ಚಿತ್ರ ತೆಗೆದು, ಅಳತೆಯ ನಕ್ಷೆಯ ಮೇಲೆ ಬಿರುಕು, ಪಸೆ, ಗೆದ್ದಲಿನ ಜಾಗಗಳನ್ನು ಗುರುತಿಸಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಅಂಟಿಸಿ ದಿನಾಂಕ ಬರೆದಿಡಿ. ಗಾಜು ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ. ಸೀಳದಿದ್ದರೆ ಅದು ಹಳೆಯ ಗಾಯ, ತುಂಬಿದರೆ ಸಾಕು. ಎರೆಮಣ್ಣಿನ ಮೇಲೆ ನಿಂತ ಮನೆಗಳಲ್ಲಿ ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕು ಮಳೆಗೆ ಮುಚ್ಚಿಕೊಳ್ಳುವುದೂ ಉಂಟು; ಅದನ್ನು ಮೇ ತಿಂಗಳಿನಲ್ಲಿ ಸಿಮೆಂಟಿನಿಂದ ತುಂಬಿಸಿದರೆ ಆಗಸ್ಟಿನಲ್ಲಿ ಪಕ್ಕದಲ್ಲೇ ಹೊಸ ಬಿರುಕು ಕಾಣುತ್ತದೆ.

ತೊಲೆಗಳನ್ನು, ಅವುಗಳ ಮೇಲೆ ಅಡ್ಡಲಾಗಿ ಕೂರುವ ಜಂತಿಗಳನ್ನು ಕಣ್ಣಿನಿಂದ ನೋಡಿದರೆ ಸಾಲದು. ನಮ್ಮ ನಡುಮನೆಯ ಸಾಗವಾನಿ ತೊಲೆ ಬಣ್ಣ ಬಳಿದುಕೊಂಡು ಅಚ್ಚುಕಟ್ಟಾಗಿತ್ತು. ಬಡಿಗೇರರು ಸುತ್ತಿಗೆಯ ಹಿಂಬದಿಯಿಂದ ತಟ್ಟುತ್ತ ಹೋದಾಗ ನಡುವೆ ಟಣ್ ಎನ್ನುತ್ತಿದ್ದ ಸದ್ದು ಗೋಡೆಯೊಳಗೆ ಹೋಗುವ ತುದಿಯಲ್ಲಿ ಮಂಕಾಯಿತು; ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಗೋಡೆಯ ಪಸೆ ಕುಡಿದ ತುದಿ ಒಂದು ಗೇಣಿನಷ್ಟು ಕೊಳೆತಿತ್ತು, ಉಳಿದ ಹನ್ನೊಂದು ಅಡಿ ಕಬ್ಬಿಣದಂತಿತ್ತು. ಇಂಥಲ್ಲಿ ಇಡೀ ತೊಲೆಯನ್ನು ತೆಗೆಯಬೇಕಾಗಿಲ್ಲ. ಕೆಳಗೆ ಜಾಕ್ ಕೊಟ್ಟು, ಕೊಳೆತ ತುದಿಯನ್ನು ಕತ್ತರಿಸಿ ಅದೇ ಜಾತಿಯ ಒಣಗಿದ ಕಟ್ಟಿಗೆಯನ್ನು ಜೋಡಿಸಿ ಬೋಲ್ಟ್ ಹಾಕಬಹುದು, ಅಥವಾ ಗೋಡೆಗೆ ತಾಗಿ ಒಂದು ಕಂಬ ನಿಲ್ಲಿಸಬಹುದು. ಯಾವುದು ಸರಿ ಎಂದು ಸ್ಟ್ರಕ್ಚರಲ್ ಎಂಜಿನಿಯರ್ ಹೇಳಲಿ. ಒಂದೇ ಮಾತು ಕೇಳಿ: ಅವರು ಹಿಂದೆ ಮರ ಮತ್ತು ಕಲ್ಲಿನ ಕಟ್ಟಡದಲ್ಲಿ ಕೆಲಸ ಮಾಡಿದ್ದಾರೆಯೇ? ಕಾಂಕ್ರೀಟ್ ಮಾತ್ರ ಬಲ್ಲವರು ಕೆಡವಿ ಎಂದೇ ಹೇಳುತ್ತಾರೆ.

ನೀರು ಮತ್ತು ಭಾರ

ಡೆಟ್ರಾಯಿಟ್ ನಗರದ ಮಿಷಿಗನ್ ಸೆಂಟ್ರಲ್ ರೈಲು ನಿಲ್ದಾಣ 1913ರಲ್ಲಿ ಆರಂಭವಾಗಿ, ಊರಿನ ಮೋಟಾರು ಕಾರ್ಖಾನೆಗಳು ಇಳಿಮುಖವಾದ ಕಾಲದಲ್ಲಿ, 1988ರಲ್ಲಿ ಮುಚ್ಚಿತು. ಮೂವತ್ತು ವರ್ಷ ಗಾಜಿಲ್ಲದ ಕಿಟಕಿಗಳಿಂದ ಮಳೆ ಮತ್ತು ಹಿಮ ಒಳಗೆ ಬಂದವು; 2009ರಲ್ಲಿ ನಗರಸಭೆಯೇ ಕೆಡವಬೇಕೆಂದು ಠರಾವು ಮಾಡಿತ್ತು. 2018ರಲ್ಲಿ ಫೋರ್ಡ್ ಕಂಪನಿ ಅದನ್ನು ಕೊಂಡಾಗ ಮೊದಲು ಮಾಡಿದ ಕೆಲಸ ಬಣ್ಣವೂ ಅಲ್ಲ, ಅಲಂಕಾರವೂ ಅಲ್ಲ. ನೆಲಮಾಳಿಗೆಯ ನೀರನ್ನು ಹೊರಹಾಕಿ, ಒಳಗೆ ಬರುವ ನೀರನ್ನು ತಡೆದು, ಕಟ್ಟಡವನ್ನು ಒಣಗಲು ಬಿಟ್ಟದ್ದು. 2024ರ ಜೂನ್‌ನಲ್ಲಿ ಅದು ಮತ್ತೆ ಬಾಗಿಲು ತೆರೆಯಿತು. ನಿಮ್ಮ ಮನೆಗೂ ಅದೇ ಕ್ರಮ ಅನ್ವಯಿಸುತ್ತದೆ: ಮೊದಲು ಮಾಡು, ಆಮೇಲೆ ಗೋಡೆ, ಕೊನೆಗೆ ನೆಲ ಮತ್ತು ಬಣ್ಣ.

ಮಲೆನಾಡಿನ ಸೆರಗಿನಲ್ಲಿರುವ ಧಾರವಾಡದಲ್ಲಿ ಹೆಂಚಿನ ಮಾಡು ಹೆಚ್ಚು. ಒಡೆದ ಹೆಂಚು ಬದಲಿಸುವುದು, ಹೆಂಚಿನ ಕೆಳಗಿನ ರೀಪು ಸರಿಪಡಿಸುವುದು, ಗೋಡೆಗೆ ಮಾಡು ತಾಗುವ ಸಂದಿನಲ್ಲಿ ತಗಡು ಕೂಡಿಸುವುದು ಇಷ್ಟೇ ಕೆಲಸ. ಗದಗಿನ ಮಣ್ಣಿನ ಮಾಳಿಗೆಯ, ಅಂದರೆ ಮಣ್ಣು ಹಾಕಿದ ಸಪಾಟು ಛಾವಣಿಯ, ಲೆಕ್ಕವೇ ಬೇರೆ. ಸೋರಿದಾಗಲೆಲ್ಲ ಹಳೆಯದನ್ನು ತೆಗೆಯದೆ ಮೇಲೆ ಮೇಲೆ ಮಣ್ಣು ಹಾಕುತ್ತ ಬಂದ ಮಾಳಿಗೆ ಒಂದು ಅಡಿ ದಪ್ಪವಾಗಿದ್ದರೆ, ಹಸಿಯಾದಾಗ ಪ್ರತಿ ಚದರ ಮೀಟರಿಗೆ ಸುಮಾರು 500 ಕಿಲೋ ಭಾರ ಜಂತಿಗಳ ಮೇಲೆ ಕೂತಿರುತ್ತದೆ. ಅದರ ಮೇಲೆ ಕಾಂಕ್ರೀಟ್ ಸುರಿಸುವುದು ಬಾಗಿದ ಬೆನ್ನಿನ ಮೇಲೆ ಮತ್ತೊಂದು ಚೀಲ ಹೊರಿಸಿದಂತೆ. ಒಳಗೆ ಸಿಕ್ಕಿಕೊಂಡ ಪಸೆ ಜಂತಿಯನ್ನು ಕಾಣದಂತೆ ಕೊಳೆಸುತ್ತದೆ. ಬೇಸಿಗೆಯಲ್ಲಿ, ಕೆಳಗಿನಿಂದ ಆಧಾರ ಕೊಟ್ಟುಕೊಂಡು, ಎರಡೂ ಬದಿಯಿಂದ ಸಮವಾಗಿ ಹೆಚ್ಚುವರಿ ಮಣ್ಣನ್ನು ಇಳಿಸಿ, ಇಳಿಜಾರು ಮತ್ತು ದೋಣಿ (ಮಳೆನೀರು ಹರಿದುಹೋಗುವ ದಾರಿ) ಸರಿಮಾಡಿ ತೆಳುವಾದ ಪದರ ಹಾಕಿಸಿ. ಪ್ರತಿವರ್ಷ ನಿಗಾ ಇಡಲಾಗದಿದ್ದರೆ ಮಾಳಿಗೆಯ ಮೇಲೆ ಬೇರೆಯೇ ಕಂಬಗಳ ಆಧಾರದಲ್ಲಿ ಹಗುರವಾದ ತಗಡಿನ ಮಾಡು ಎತ್ತಿಸಿ. ನೋಡಲು ಅಷ್ಟು ಚೆಂದವಲ್ಲ. ಆದರೆ ಜಂತಿ ಒಣಗಿರುತ್ತದೆ.

ಗೋಡೆಗೆ ಗಚ್ಚು, ಸಿಮೆಂಟ್ ಅಲ್ಲ

ನಾವು ತಪ್ಪಿದ್ದು ಇಲ್ಲಿ. ಕಲ್ಲು–ಮಣ್ಣಿನ ಗೋಡೆಯ ಹಳೆಯ ಗಿಲಾವು (ಪ್ಲಾಸ್ಟರ್) ಉದುರುತ್ತಿದೆ ಎಂದು ಒಬ್ಬ ಗುತ್ತಿಗೆದಾರರ ಮಾತು ಕೇಳಿ ಒಳಗೂ ಹೊರಗೂ ಸಿಮೆಂಟ್ ಗಿಲಾವು ಮಾಡಿಸಿದೆವು. ಎರಡನೆಯ ಮಳೆಗಾಲಕ್ಕೆ ಮೊಳಕಾಲೆತ್ತರದಲ್ಲಿ ಬಣ್ಣ ಗುಳ್ಳೆಯೆದ್ದು, ಬಿಳಿಯ ಉಪ್ಪು ಹೊರಬಂದು, ಕೊನೆಗೆ ಹಪ್ಪಳದಂತೆ ಬಿಟ್ಟುಕೊಂಡು ಬಂದ ಗಿಲಾವಿನ ಹಿಂದೆ ಗೋಡೆಯ ಮಣ್ಣು ಹಿಟ್ಟಾಗಿ ಉದುರಿತು. ನೆಲದಿಂದ ಏರುವ ಪಸೆಯನ್ನು ಸುಣ್ಣದ ಗಚ್ಚು ಹೊರಗೆ ಬಿಡುತ್ತದೆ, ಸಿಮೆಂಟ್ ಒಳಗೇ ತಡೆಯುತ್ತದೆ. ಸಂದು ತುಂಬುವ ಗಾರೆ ಪಕ್ಕದ ಕಲ್ಲು, ಇಟ್ಟಿಗೆಗಳಿಗಿಂತ ಮೆದುವಾಗಿರಬೇಕೆಂಬುದು ಅಮೆರಿಕದ ಸಂರಕ್ಷಣೆಯವರೂ ಬಿಡದೆ ಹೇಳುವ ನಿಯಮ. ಗೋಡೆ ಅಲುಗಿದಾಗ ಸೀಳಬೇಕಾದದ್ದು ಗಾರೆ, ಕಲ್ಲಲ್ಲ. ಗಾರೆಯನ್ನು ಮತ್ತೆ ತುಂಬಬಹುದು.

ಸಿಮೆಂಟ್ ಗಿಲಾವನ್ನು ಉಳಿಯಿಂದ ನಿಧಾನವಾಗಿ ತೆಗೆದು, ಗೋಡೆಯನ್ನು ಕೆಲವು ವಾರ ಒಣಗಲು ಬಿಡಿ. ಸುಣ್ಣವನ್ನು ಕೆಲಸಕ್ಕೆ ಕನಿಷ್ಠ ಮೂರು ನಾಲ್ಕು ವಾರ ಮೊದಲೇ ನೀರಿನಲ್ಲಿ ನೆನೆಹಾಕಿ ಬೆಣ್ಣೆಯಂತಾಗಲು ಬಿಡಬೇಕು. ನೀರು ಹಾಕುವಾಗ ಅದು ಕುದಿಯುವುದರಿಂದ ಕಣ್ಣಿಗೆ ಕನ್ನಡಕ, ಕೈಗೆ ಗವಸು ಕಡ್ಡಾಯ. ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಸಾಣಿಸಿದ, ಉಪ್ಪಿಲ್ಲದ ಉಸುಕು ಸಾಮಾನ್ಯ ಅಳತೆ. ಅಳಲೆಕಾಯಿ ಮತ್ತು ಬೆಲ್ಲ ಕೊಳೆಸಿದ ನೀರನ್ನು ಬೆರೆಸುವ ಹಳೆಯ ರೂಢಿಯನ್ನು ಬಲ್ಲ ಗೌಂಡಿ (ಗಾರೆ ಕೆಲಸದವರು) ಸಿಕ್ಕರೆ ಅವರು ಹೇಳಿದಂತೆ ಮಾಡಿಸಿ. ಗೋಡೆಯನ್ನು ತೋಯಿಸಿ, ತೆಳುವಾದ ಪದರಗಳಲ್ಲಿ ಮೆತ್ತಿ, ಒಂದು ವಾರವಾದರೂ ತಟ್ಟಿನ ಚೀಲ ಹೊದಿಸಿ ಪಸೆಯಾಗಿಡಿ. ಗಾಳಿಯಿಂದ ಗಟ್ಟಿಯಾಗುವ ಪದಾರ್ಥವಾದ್ದರಿಂದ ಅದಕ್ಕೆ ಅವಸರ ಹಿಡಿಸುವುದಿಲ್ಲ, ಜೋರು ಮಳೆಗಾಲವೂ ಹಿಡಿಸುವುದಿಲ್ಲ. ಮೇಲೆ ಸುಣ್ಣವನ್ನೇ ಬಳಿಯಿರಿ. ಪ್ಲಾಸ್ಟಿಕ್ ಬಣ್ಣ ಬಳಿದರೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಹಿತ್ತಲಿನ ಹೊಸ ಕಟ್ಟಡ

ಹೊಸ ಭಾಗವನ್ನು ಹಳೆಯ ಗೋಡೆಯ ಮೇಲೆ ಎಂದೂ ಕೂಡಿಸಬೇಡಿ. ಅದಕ್ಕೆ ಅದರದೇ ಕಂಬ, ಅದರದೇ ಬುನಾದಿ ಇರಲಿ. ಹಳೆಯ ಮನೆಗಳ ಬುನಾದಿ ಹೆಚ್ಚು ಆಳವಿರುವುದಿಲ್ಲವಾದ್ದರಿಂದ, ಅದಕ್ಕೆ ತಾಗಿಯೇ ಜೆಸಿಬಿಯಿಂದ ಆಳವಾದ ಕಾಲುವೆ ತೋಡಿಸಿದರೆ ಕೆಳಗಿನ ಮಣ್ಣು ಜಾರಿ ಗೋಡೆ ಕುಳಿತುಕೊಳ್ಳುತ್ತದೆ. ದೂರ ಬಿಡಿ, ಬಿಡಲಾಗದಿದ್ದರೆ ಕೈಯಿಂದ, ತುಂಡು ತುಂಡಾಗಿ ತೋಡಿ, ಒಂದನ್ನು ತುಂಬಿದ ಮೇಲೆ ಮುಂದಿನದನ್ನು ತೋಡಿಸಿ. ಹಳೆಯದಕ್ಕೂ ಹೊಸದಕ್ಕೂ ನಡುವೆ ಒಂದು ಇಂಚಿನ ಸಂದು ಬಿಟ್ಟು ಮೇಲೆ ತಗಡು ಮುಚ್ಚಿಸಿ, ಎರಡೂ ತಮ್ಮ ತಮ್ಮ ಗತಿಯಲ್ಲಿ ಅಲುಗಲಿ. ಬಚ್ಚಲು, ಪಾಯಿಖಾನೆ, ನೀರಿನ ಟಾಕಿಗಳೆಲ್ಲ ಹೊಸ ಭಾಗದಲ್ಲಿಯೇ ಇರಲಿ.

ನೋಟಕ್ಕೆ ಹೊಸದು ಹಳೆಯದರ ನಕಲಾಗಬೇಕಾಗಿಲ್ಲ. ಹೊಸದು ಹೊಸದೆಂದೇ ಗೊತ್ತಾಗಬೇಕು, ಆದರೆ ಎತ್ತರ ಮತ್ತು ಅಳತೆಯಲ್ಲಿ ಹಳೆಯದಕ್ಕೆ ಹೊಂದಬೇಕು, ನಾಳೆ ತೆಗೆದರೂ ಹಳೆಯದಕ್ಕೆ ಪೆಟ್ಟಾಗಬಾರದು ಎಂದು ಹಳೆಯ ಕಟ್ಟಡಗಳಿಗಾಗಿ ಅಮೆರಿಕದ ಇಂಟೀರಿಯರ್ ಇಲಾಖೆ ಮಾಡಿದ ಮಾನದಂಡಗಳು ಹೇಳುತ್ತವೆ. ಕಾಂಕ್ರೀಟ್ ಕಂಬಕ್ಕೆ ಮರದ ಕಂಬದ ತಲೆಯ ಮೇಲಿನ ಬೋದಿಗೆಯ ಆಕಾರದ ಪಿಒಪಿ ಅಂಟಿಸಿದ ಮನೆಗಳನ್ನು ನೋಡಿದಾಗ ಈ ಮಾತು ಸರಿಯೆನಿಸುತ್ತದೆ. ಮುಂಭಾಗದ ಗೋಡೆಯೊಂದನ್ನೇ ಮುಖವಾಡದಂತೆ ನಿಲ್ಲಿಸಿ ಹಿಂದೆ ಎಲ್ಲವನ್ನೂ ಕೆಡವುವುದೂ ಉಳಿಸಿದಂತಲ್ಲ. ಒಂದು ಅಂಕಣವಾದರೂ ಕಂಬ, ತೊಲೆ, ಮಾಡುಸಹಿತ ಇಡಿಯಾಗಿ ಉಳಿಯಲಿ. ಬಿಚ್ಚಲೇಬೇಕಾದ ಕಂಬ, ಬಾಗಿಲ ಚೌಕಟ್ಟುಗಳಿಗೆ ತಗಡಿನ ಬಿಲ್ಲೆ ಹೊಡೆದು ನಂಬರು ಹಾಕಿ. ಸುಣ್ಣದಕಡ್ಡಿಯ ಗುರುತು ಮೊದಲ ಮಳೆಗೇ ಅಳಿಸಿಹೋಗುತ್ತದೆ.

ರಸ್ತೆ ಅಗಲೀಕರಣದ ಗೆರೆ ಕಟ್ಟೆಯ ಮೇಲೆ ಬಿದ್ದಿದ್ದರೆ, ಬಿಟ್ಟುಕೊಡುವ ಜಾಗಕ್ಕೆ ಬದಲಾಗಿ ಅಭಿವೃದ್ಧಿ ಹಕ್ಕು (ಹೆಚ್ಚುವರಿ ಕಟ್ಟುವ ಹಕ್ಕು, ಟಿಡಿಆರ್) ಪಡೆಯುವ ಅವಕಾಶ ಕರ್ನಾಟಕದ 1961ರ ನಗರ ಯೋಜನಾ ಕಾಯ್ದೆಯ 14–ಬಿ ಕಲಮಿನಲ್ಲಿದೆ. ನಕ್ಷೆ ಮಾಡಿಸುವ ಮೊದಲೇ ಅದನ್ನು ಯೋಜನಾ ಶಾಖೆಯಲ್ಲಿ ಬರೆದು ಕೇಳಿ, ಉತ್ತರವನ್ನೂ ಬರೆದೇ ಪಡೆಯಿರಿ.

ದುರಸ್ತಿಯಾದ ಭಾಗ ಖಾಲಿ ಇರಬಾರದು. ಪಡಸಾಲೆಯನ್ನು ಖಾನಾವಳಿಗೋ, ವಕೀಲರ ಕಚೇರಿಗೋ, ಮಕ್ಕಳ ಪಾಠಕ್ಕೋ ಬಾಡಿಗೆಗೆ ಕೊಟ್ಟರೆ ಬರುವ ಹಣ ವರ್ಷದ ಸುಣ್ಣಕ್ಕೆ, ಹೆಂಚಿಗೆ ಸಾಕಾಗುತ್ತದೆ. ಕರಾರಿನಲ್ಲಿ ಗೋಡೆ ಕೊರೆಯಬಾರದು, ಒಲೆಯ ಹೊಗೆ ಜಂತಿಗೆ ತಾಗಬಾರದು ಎಂದು ಸ್ಪಷ್ಟವಾಗಿ ಬರೆಸಿ. ರೋಹಿಣಿ ಮಳೆಗೆ ಮುನ್ನ ಒಮ್ಮೆ, ಹಿಂಗಾರಿ ಮಳೆಗೆ ಮುನ್ನ ಮತ್ತೊಮ್ಮೆ ಮಾಡು ಹತ್ತಿ ದೋಣಿಯ ಕಸ ತೆಗೆಸಿ, ತೊಲೆಯ ತುದಿಗಳನ್ನು ತಟ್ಟಿ ನೋಡಿ. ನಮ್ಮ ಮನೆಯಲ್ಲಿ ಮಾಡು ಹತ್ತಿದ ದಿನಾಂಕಗಳನ್ನೂ ಗೌಂಡಿಯವರ ಫೋನ್ ನಂಬರನ್ನೂ ಪಡಸಾಲೆಯ ಗೂಡಿನ ಬಾಗಿಲ ಒಳಬದಿಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇವೆ; ಮುಂದೆ ಬೀಗದ ಕೈ ಯಾರ ಕೈಯಲ್ಲಿರುತ್ತದೆಯೋ ಅವರಿಗೆ ಅದು ಬೇಕಾಗುತ್ತದೆ.